ಗರುಡನಿಗೆ ನೀರು

"ಅಯ್ಯೋ ಸ್ವಾಮಿ, ಅಂಗೆ ಸುರೀಬ್ಯಾಡಿ! ಗರುಡನ ಮೂಗು ಕರಗೋಯ್ತದೆ!" ರಸ್ತೆಯ ಆಚೆ ಬದಿಯಿಂದ ಲಿಂಗಾಚಾರಿ ಕೂಗಿದ. ಹೆಂಡತಿ ತಾಯಮ್ಮನನ್ನು ಹಿಂದಿನ ದಿನವಷ್ಟೇ ಮಣ್ಣು ಮಾಡಿ ಬಂದಿದ್ದ. ಸೂತಕದವನು ದೇವಲಾಪುರದ ಗುಡಿಯ ಅಂಗಳಕ್ಕೆ ಕಾಲಿಡುವಂತಿರಲಿಲ್ಲ. ಗುಡಿಯ ಗೋಡೆಯ ಮೇಲೆ ಅವನು ಸುಣ್ಣದ ಗಾರೆಯಲ್ಲಿ ತಿದ್ದಿದ ಗರುಡ ಸಾವಿರದ ಒಂಬೈನೂರ ತೊಂಬತ್ನಾಲ್ಕರ ಬೇಸಿಗೆಯ ಬಿಸಿಲಿಗೆ ಒಣಗುತ್ತಿತ್ತು. ನೀರು ಕಾಣದಿದ್ದರೆ ಸಂಜೆಯೊಳಗೆ ರೆಕ್ಕೆ ಬಿರುಕು ಬಿಡುವುದು ಖಂಡಿತ.

ಅರ್ಚಕ ವೆಂಕಟರಾಮಯ್ಯನವರು ಕೊಡ ಹಿಡಿದು ಏಣಿಯ ಮೇಲೆ ನಿಂತಿದ್ದರು. ಮಡಿಪಂಚೆಯೆಲ್ಲ ಒದ್ದೆ. "ದೇವರಿಗೆ ಅಭಿಷೇಕ ಮಾಡಿ ಗೊತ್ತು ಕಣಯ್ಯಾ, ಗೋಡೆಗೆ ಮಾಡಿ ಗೊತ್ತಿಲ್ಲ. ನೀನೇ ಹೇಳ್ಕೊಡು."

"ಚಿಮುಕಿಸ್ಬೇಕು ಸ್ವಾಮಿ. ನಮ್ಮೋಳು ದಿನಾ ಬಂದು ಚಿಮುಕಿಸ್ತಿದ್ಲಲ್ಲ, ಅಂಗೆ."

"ಯಾತರಲ್ಲಿ ಚಿಮುಕಿಸ್ತಿದ್ಲು? ಕೈಯಲ್ಲೋ, ಸೊಪ್ಪಲ್ಲೋ? ಮೇಲಿಂದಲೋ, ಕೆಳಗಿಂದಲೋ?"

ಗಾರೆ ಮೆತ್ತುವ ಕರಣೆ ತೊಳೆದಿಟ್ಟ ಮೇಲೆ ಲಿಂಗಾಚಾರಿ ಎಂದೂ ಗೋಡೆಯ ಕಡೆ ತಿರುಗಿದವನಲ್ಲ. ಮೂವತ್ತು ವರ್ಷ ನೀರುಣಿಸುವ ಕೆಲಸ ತಾಯಮ್ಮನದು. ಒಂದು ಗೋಡೆಯೂ ಬಿರಿದಿರಲಿಲ್ಲ.

"ಬೇಗ ಹೇಳಯ್ಯಾ, ಬಿಸಿಲೇರ್ತಾ ಇದೆ," ಎಂದರು ಅರ್ಚಕರು.

"ನಾನು ನೋಡೇ ಇಲ್ಲ ಸ್ವಾಮಿ," ಎಂದವನೇ ಅವನು ರಸ್ತೆಯ ಮೇಲೇ ಕುಳಿತುಬಿಟ್ಟ.