ಮಗ ಹೋದ ನೀರಿಗೇ

ಎಲ್ಲಿ ತಪ್ಪಿಸಿಕೊಂಡುಬಿಡುತ್ತಾನೋ ಎಂಬಂತೆ, ಕಲ್ಯಾಣ ಸ್ಟೇಶನ್ನಿನಲ್ಲಿ ಆಟೋ ಹತ್ತಿದಾಗಿನಿಂದ ಚಂದವ್ವ ಅವನ ಮೇಲಿನ ಹಿಡಿತ ಸಡಿಲಿಸಿರಲಿಲ್ಲ. ಅವನೂ ತುಟಿ ಬಿಚ್ಚಿರಲಿಲ್ಲ. ಎಲ್ಲಿಗೆ, ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳು: ನನ್ನ ಮಗ ಹೋದ ನೀರಿಗೇ ನಿನ್ನನ್ನೂ ಹಾಕಲಿಕ್ಕೆ.

ಜೊತೆಗೆ ತಮ್ಮ ಅಂಬಾದಾಸ ಬಂದಿದ್ದ. ಕಲ್ಯಾಣದ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವ ಗಟ್ಟಿ ಆಳು. ಇವತ್ತು ಮಾತ್ರ ಬರಿಗೈಯಲ್ಲಿ ನಡೆಯುವಾಗಲೂ ಅಕ್ಕನಿಗಿಂತ ಹಿಂದೆ ಬೀಳುತ್ತಿದ್ದ.

ಜಲಪಾತದ ಗುಡ್ಡದ ಬುಡದಲ್ಲಿ ಕಾವಲುಗಾರ ತಡೆದ. "ಪಾಣ್ಯಾತ ಉತರೂ ನಕಾ," ನೀರಿಗಿಳಿಯಬೇಡಿ ಎಂದ. ಮಳೆಗಾಲದಲ್ಲಿ ಹುಡುಗನೊಬ್ಬ ಮುಳುಗಿ ಸತ್ತದ್ದನ್ನೂ ಹೇಳಿದ. ಆ ಹುಡುಗನ ತಾಯಿ ಎದುರಿಗೇ ನಿಂತಿದ್ದಾಳೆಂದು ಪಾಪ, ಕಾವಲುಗಾರನಿಗೇನು ಗೊತ್ತು.

"ನಾವಿಬ್ರೂ ಇಳಿಯೂದಿಲ್ಲಂತ ಹೇಳೋ," ಎಂದಳು ಚಂದವ್ವ. ಅಂಬಾದಾಸ ಅಷ್ಟನ್ನೇ ಮರಾಠಿಯಲ್ಲಿ ಹೇಳಿದ.

ಸಾಗವಾನಿ ಮರಗಳ ನಡುವೆ ಕಾಲುದಾರಿ ಏರುತ್ತಾ ಹೋಯಿತು. ಚಂದವ್ವನಿಗೆ ಏದುಸಿರು. ಆದರೂ ಕೂರಲಿಲ್ಲ. ಕೂತರೆ ಮನಸ್ಸು ಮೆತ್ತಗಾದೀತೆಂಬ ಭಯ.

ಅತ್ತೆ ಕಣ್ಣು ಮುಚ್ಚುವ ಮುಂಚೆ ಅವನನ್ನು ಇವಳ ಮಡಿಲಿಗೆ ಹಾಕಿದ್ದಳು. "ಇವನ ಊಟ, ನೀರು ತಪ್ಪಿಸಬ್ಯಾಡ. ಮನಿ ಕಾಯ್ತಾನ," ಅಂದಿದ್ದಳು. ಕಲಬುರಗಿ ಸೀಮೆಯಿಂದ ಠಾಕುರ್ಲಿಗೆ ದುಡಿಯಲು ಬಂದಾಗ, ಗಂಡ ಬೇಡಬೇಡವೆಂದರೂ ಕೇಳದೆ ಚಂದವ್ವ ಅವನನ್ನೂ ಕರೆತಂದಳು. ಚಾಳಿನಲ್ಲಿ ಒಂದೇ ಖೋಲಿ. ಅದರಲ್ಲಿ ಒಳ್ಳೆಯ ಮೂಲೆ ಅವನದು. ಬೆಳಗಾದರೆ ಅವನಿಗೆ ಸ್ನಾನ ಮಾಡಿಸಿ, ಉಣ್ಣಲಿಟ್ಟು, ಆಮೇಲೆ ಇವಳು ಇಟ್ಟಿಗೆ ಹೊರಲು ಹೋಗಬೇಕು. ಗಂಡ ಸತ್ತಾಗಲೂ ಅವನು ಕೂತಲ್ಲಿಂದ ಏಳಲಿಲ್ಲ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಅನ್ನುತ್ತಾರೆ. ಇಲ್ಲಿ ಹೊನ್ನು ಹಾಗಿರಲಿ, ಕುಡಿಕೆಯೂ ಇರಲಿಲ್ಲ.

ಮಗ ಜೈಭೀಮನಿಗೆ ಅವನನ್ನು ಕಂಡರಾಗದು. "ಇಂವ ನಮಗ ಏನ್ ಮಾಡ್ಯಾನವ್ವಾ? ಹೊರಗ ಹಾಕು," ಎನ್ನುತ್ತಿದ್ದ. ಒಮ್ಮೆ ಆ ಮಾತಿಗೆ ಬೆಳೆದ ಮಗನ ಕೆನ್ನೆಗೆ ಬಾರಿಸಿದ್ದಳು. ಯಾರಿಗೋಸ್ಕರ ಯಾರನ್ನು ಹೊಡೆದೆನೆಂದು ಈಗ ಹೊಟ್ಟೆ ಉರಿಯುತ್ತಿತ್ತು.

ಗೆಳೆಯರ ಜೊತೆ ಜೈಭೀಮ ಈ ಜಲಪಾತಕ್ಕೆ ಹೊರಟ ಬೆಳಿಗ್ಗೆ, ಚಂದವ್ವ ಮೂಲೆಯಲ್ಲಿ ಕೂತಿದ್ದ ಅವನ ಮುಂದೆ ನಿಂತು, "ಹುಡುಗನ್ನ ನಿನ್ನ ಮ್ಯಾಲ ಬಿಟ್ಟೀನಿ," ಅಂದಿದ್ದಳು. ನಂಬಿದವನು ನಡುನೀರಿನಲ್ಲಿ ಕೈಬಿಟ್ಟ. ಹೆಣ ಮನೆಗೆ ಬಂದಾಗ ಅವನು ಕಣ್ಣು ಬಿಟ್ಟುಕೊಂಡು ನೋಡಿದ. ಆ ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಚಂದವ್ವ ತೀರ್ಮಾನಿಸಿದ್ದು ಅವತ್ತೇ.

ಗುಡ್ಡದ ನೆತ್ತಿಯಿಂದ ಕಲ್ಯಾಣ, ಠಾಕುರ್ಲಿಯ ಕಟ್ಟಡಗಳು ಮಸುಕಾಗಿ ಕಂಡವು. ಜಲಪಾತ ಆಚೆಯ ಇಳಿಜಾರಿನಲ್ಲಿ. ಅಂಬಾದಾಸ ದಾರಿಗೆ ಅಡ್ಡ ನಿಂತ.

"ಅಕ್ಕಾ, ಇನ್ನೂ ಹೊತ್ತು ಮೀರಿಲ್ಲ. ಎಲ್ಲೆರೆ ಗಿಡದ ಬುಡಕ ಬಿಟ್ಟು ಹೋಗೂಣು. ಯಾರರೆ ಮನಿಗಿ ಒಯ್ತಾರ."

"ಒಯ್ದು? ಇನ್ನೊಬ್ಬಾಕಿ ಮಗನ್ನ ಕಾಯಾಕ ಹಚ್ತಾರ?"

"ಪಾಪ ಸುತ್ಗೋತದ ಅಕ್ಕಾ."

"ಸುತ್ಗೊಳ್ಳಾಕ ನನ್ನ ಮನಿಯಾಗ ಇನ್ನ ಯಾರ್ ಉಳದಾರೋ?"

ಅಂಬಾದಾಸ ದಾರಿ ಬಿಟ್ಟ.

ಮಳೆ ಹಿಂದೆಗೆದು ನೀರು ಸಣ್ಣಗೆ ಬೀಳುತ್ತಿತ್ತು. ಕೆಳಗಿನ ಮಡು ಮಾತ್ರ ಕಪ್ಪಗಿತ್ತು. ಸುತ್ತ ಬೇರೆ ನರಪಿಳ್ಳೆಯಿಲ್ಲ. ಚಂದವ್ವ ಬಂಡೆಯ ಅಂಚಿಗೆ ಬಂದು ಅವನ ಮುಖವನ್ನೇ ದಿಟ್ಟಿಸಿದಳು. ಇಷ್ಟು ವರ್ಷ ಆ ಮುಖ ನೋಡದೆ ಅವಳು ಒಂದು ತುತ್ತು ಉಂಡಿರಲಿಲ್ಲ.

"ಕಡೀ ಸಲ ಕೇಳ್ತೀನಿ. ನನ್ನ ಹುಡುಗಗ ಯಾಕ ಕೈ ಕೊಡಲಿಲ್ಲ?"

ಅವನು ಆಗಲೂ ಮಾತಾಡಲಿಲ್ಲ. ಅಂಬಾದಾಸ ಮುಖ ತಿರುಗಿಸಿಕೊಂಡ. ಚಂದವ್ವ ಹಲ್ಲು ಕಚ್ಚಿ, ಹಿಡಿತ ಸಡಿಲಿಸಿ ಅವನನ್ನು ಮಡುವಿಗೆ ಹಾಕಿದಳು.

ಜೈಭೀಮ ಮುಳುಗುವ ಮೊದಲು ಎರಡು ಸಲ ಕೈಯೆತ್ತಿದ್ದನಂತೆ. ಅತ್ತೆಯ ಕಾಲದ, ಅಂಗೈಯಗಲದ ಹಿತ್ತಾಳೆಯ ಮನೆದೇವರು ಬುಳಕ್ಕನೆ ಒಂದೇ ಸಲಕ್ಕೆ ಮುಳುಗಿದ.