ಹುಳಿಯಿಲ್ಲದ ಎಲೆ

ಬಾಯಿಗೆ ಹಾಕಿಕೊಂಡ ಎಲೆ ಹುಳಿಯಿರಲಿಲ್ಲ. ಪ್ರಭುದೇವ ಥೂ ಎಂದು ಉಗುಳಿ, ಬಗ್ಗಿ ದಂಟು ನೋಡಿದ. ಎಲೆಯ ಆಕಾರ ಪುಂಡಿಸೊಪ್ಪಿನದೇ, ಆದರೆ ಪುಂಡಿಯ ದಂಟು ಕೆಂಪಗಿರಬೇಕು; ಇದು ಹಸಿರು. ಸಿಂಗಾಪುರದ ಪುಂಗೋಲ್‌ನಲ್ಲಿ ಅವನ ಫ್ಲ್ಯಾಟಿದ್ದ ಬ್ಲಾಕಿನ ಹಿಂದೆ ಖಾಲಿ ಬಿದ್ದಿದ್ದ ಜೌಗು ನೆಲದಲ್ಲಿ ಅಪ್ಪ ಗುರುಶಾಂತಪ್ಪ ಪೇಂಟ್ ಡಬ್ಬಿಗಳಲ್ಲಿ ಎಬ್ಬಿಸಿದ ತೋಟ ಅದು. ಕಾಲಿಟ್ಟರೆ ಪಾದ ಮುಳುಗುವ ಜಾಗ. ಅದಕ್ಕೇ ಡಬ್ಬಿಗಳನ್ನು ಇಟ್ಟಿಗೆಯ ಮೇಲೆ ಕೂರಿಸಿ, ತೂತನ್ನು ತಳಕ್ಕೆ ಹೊಡೆಯದೆ ಪಕ್ಕಕ್ಕೆ ಹೊಡೆದಿದ್ದರು. ಊರಿಂದ ಬಂದ ನಾಲ್ಕೇ ತಿಂಗಳಲ್ಲಿ ಇಲ್ಲಿನ ಕೆಸರನ್ನೂ ಪಳಗಿಸಿದರಲ್ಲ ಎಂದು ಮಗನಿಗೆ ಒಳಗೊಳಗೇ ಹೆಮ್ಮೆಯಿತ್ತು, ಆ ಎಲೆ ಅಗಿಯುವ ತನಕ.

"ಅಪ್ಪಾ, ಇದು ಪುಂಡಿ ಅಲ್ಲ."

"ಮುಂದಿನ ಸಾಲಷ್ಟ ಪುಂಡಿ. ಹಿಂದಿನ ನಾಕು ಡಬ್ಬಿ ಗಾಂಜಾ," ಎಂದರು ಗುರುಶಾಂತಪ್ಪ, ಮೆಂತೆಸೊಪ್ಪಿನ ಹೆಸರು ಹೇಳಿದಷ್ಟೇ ಸಲೀಸಾಗಿ. "ಶ್ರಾವಣದಾಗ ಮಠದ ಅಜ್ಜನ ಗದ್ದಿಗಿಗೆ ಏರಸಬೇಕಲ್ಲೋ. ನಲವತ್ತು ವರ್ಷ ಒಮ್ಮಿನೂ ತಪ್ಪಿಸಿಲ್ಲ. ಈ ಸಲ ನಿನ್ನ ಮನ್ಯಾಗಿನ ಅಜ್ಜನ ಫೋಟೋಕ್ಕ ಏರಿಸಿದ್ರಾತು ಅಂತ ವಿಭೂತಿ ಪೊಟ್ಟಣದಾಗ ಬೀಜ ತಂದಿದ್ದೆ."

ಅಪ್ಪನನ್ನು ಕರೆತರುವಾಗ ವಿಮಾನದಲ್ಲಿ ಅವರ ಪ್ರವೇಶ ಚೀಟಿಯನ್ನು ತುಂಬಿದವನು ಪ್ರಭುದೇವನೇ. ಮಾದಕ ವಸ್ತು ಸಾಗಿಸಿದವರಿಗೆ ಮರಣದಂಡನೆ ಎಂದು ಅದರಲ್ಲಿ ಕೆಂಪು ಅಕ್ಷರಗಳಲ್ಲಿ ಅಚ್ಚಾಗಿತ್ತು. ಅದೇನು ಕೆಂಪಗೆ ಬರೆದಿದ್ದಾರೆ ಎಂದು ಅಪ್ಪ ಕೇಳಿದ್ದರು. ನಿನಗ ಸಂಬಂಧಪಟ್ಟದ್ದಲ್ಲ ಬಿಡು, ಎಂದಿದ್ದ.

"ಇದಕ್ಕ ಇಲ್ಲಿ ಜೇಲಿಗೆ ಹಾಕ್ತಾರ ಅಪ್ಪಾ," ಎಂದಷ್ಟೇ ಹೇಳಿ ನಾಲ್ಕೂ ಗಿಡಗಳನ್ನು ಬೇರುಸಹಿತ ಕಿತ್ತು, ಮುರಿದು, ಕೆಸರಿನೊಳಗೆ ತುಳಿದ. ಮುಗಿದ ಮೇಲೆ ಗುರುಶಾಂತಪ್ಪ ಕೆಸರಿಗೇ ಕೈಮುಗಿದರು. ಅವರ ಕಣ್ಣು ತುಂಬಿದ್ದು ಕಂಡು ಮಗನಿಗೂ ಸಂಕಟವಾಯಿತು. ಆಗಲೇ ಅವನಿಗೆ ಇನ್ನೊಂದು ನೆನಪಾಯಿತು.

"ನಮ್ಮ ಪಕ್ಕದ ಮನಿ ಲಿಮ್ ಅಂಕಲ್‌ಗ ಒಂದು ಸಸಿ ಕೊಟ್ಟಿದ್ದಿಯಲ್ಲ?"

"ಅದು ಪುಂಡಿನೋ. ನಾ ಕೊಟ್ಟ ಸೊಪ್ಪು ಸೂಪಿಗೆ ಹಾಕಿ ಉಂಡು, ಸಸಿನೂ ಬೇಕಂತ ಕೈಸನ್ನಿ ಮಾಡಿದ. ಮಳಿ ನೀರು ಏರಿ ಡಬ್ಬಿ ಎಲ್ಲಾ ತೇಲಿ ಕಲಸಿಹೋಗಿದ್ವಲ್ಲ, ಅವನ್ನ ಮತ್ತ ಸಾಲಿಗೆ ಹಚ್ಚಿದ ದಿನಾನ ಕೊಟ್ಟೆ."

ಅಪ್ಪನ ಎಡಗಣ್ಣಿಗೆ ಪೊರೆ ಬಂದಿದೆಯೆಂಬುದು ಇಬ್ಬರಿಗೂ ಗೊತ್ತಿತ್ತು. ಅದರ ಮಾತನ್ನು ಇಬ್ಬರೂ ಎತ್ತಲಿಲ್ಲ.

ಲಿಮ್ ಅಂಕಲ್‌ನ ಬಾಗಿಲ ಮುಂದೆ, ಆರ್ಕಿಡ್‌ಗಳ ನಡುವೆ ನೀಲಿ ಪಿಂಗಾಣಿ ಕುಂಡದಲ್ಲಿ ಆ ಸಸಿ ಸೊಂಟದೆತ್ತರ ಬೆಳೆದಿತ್ತು. ಪ್ರಭುದೇವ ಒಂದು ಎಲೆ ಚಿವುಟಿ ಬಾಯಿಗಿಟ್ಟ. ಹುಳಿಯಿರಲಿಲ್ಲ. ಕಾಂಡಕ್ಕೆ ಕೈ ಹಾಕುವಷ್ಟರಲ್ಲಿ ಅಂಕಲ್ ನೀರಿನ ಚೊಂಬು ಹಿಡಿದು ಹೊರಗೆ ಬಂದ. ಬಸ್ ಓಡಿಸಿ ನಿವೃತ್ತನಾದ ನಗುಮುಖದ ಮನುಷ್ಯ. "ಯುವರ್ ಫಾದರ್ ವೆರಿ ಗುಡ್ ಮ್ಯಾನ್ ಲಾ," ಎಂದ ಅಲ್ಲಿಯವರ ಧಾಟಿಯ ಇಂಗ್ಲಿಷಿನಲ್ಲಿ. ಬಿಸಾಕಿ ಅಂಕಲ್, ಎಂದು ಹೇಳಹೊರಟ ಪ್ರಭುದೇವ ತಡೆದುಕೊಂಡ. ಯಾಕೆ ಎಂದು ಕೇಳಿದರೆ? ನಾಳೆ ಇದೇ ಮನುಷ್ಯ ಪೊಲೀಸರಿಗೆ ಹೇಳಿದರೆ? ಅಪ್ಪನ ವಿಮಾನ ಹಾರಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡು ಸುಮ್ಮನೆ ನಕ್ಕು ಬಂದ. ಮನೆಗೆ ಬಂದವನೇ ಅಪ್ಪ ಊರಿಗೆ ಮರಳುವ ಟಿಕೆಟನ್ನು ಇನ್ನಷ್ಟು ಮುಂಚಿನ ದಿನಕ್ಕೆ ಬದಲಾಯಿಸಿದ. ಶ್ರಾವಣಕ್ಕೆ ಊರಲ್ಲೇ ಇರಬಹುದೆಂದು ಅಪ್ಪ ಹಿಗ್ಗಿದರು.

ವಿಮಾನ ಶುಕ್ರವಾರ. ಗುರುವಾರ ಬೆಳಗ್ಗೆ ಡೆಂಗಿ ತಪಾಸಣೆಯವರು ಬಂದು, ಸೊಳ್ಳೆಮರಿ ಹುಡುಕಲು ಕಾರಿಡಾರಿನ ಒಂದೊಂದೇ ಕುಂಡದ ತಟ್ಟೆ ಎತ್ತಿ ನೋಡಿದರು. ಸಂಜೆ ಪ್ರಭುದೇವ ಆಫೀಸಿನಿಂದ ಬಂದು ಬೂಟು ಬಿಚ್ಚುವಾಗ ಲಿಮ್ ಆಂಟಿ ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಊದಿಕೊಂಡಿದ್ದವು. ಗಂಡನನ್ನು ಮಧ್ಯಾಹ್ನ ಪೊಲೀಸರು ಕರೆದೊಯ್ದರಂತೆ, ಕುಂಡದ ಸಮೇತ.

"ಯುವರ್ ಫಾದರ್ ಗಿವ್ ವೆಜಿಟಬಲ್, ರೈಟ್? ಯೂ ಟೆಲ್ ದೆಮ್ ಲಾ."

"ಏನಂತಾಳ ಆಕಿ? ಯಾಕ ಅಳ್ತಾಳ?" ಅಪ್ಪ ಬ್ಯಾಗು ಕಟ್ಟುವುದನ್ನು ಬಿಟ್ಟು ಎದ್ದು ಬಂದರು.

ಅವಳ ಇಂಗ್ಲಿಷು ಅವರಿಗೆ ತಿಳಿಯದು, ಅವರ ಕನ್ನಡ ಅವಳಿಗೆ ತಿಳಿಯದು. ನಡುವೆ ಪ್ರಭುದೇವನೊಬ್ಬನೇ. ಹೇಳಿದರೆ ಅಪ್ಪ ಈ ಗಳಿಗೆಯೇ ಅಂಗಿ ತೊಟ್ಟು ಠಾಣೆಗೆ ಹೊರಡುತ್ತಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಏನಿಲ್ಲ. ನೀ ನಾಳೆ ಹೊಂಟೀಯಲ್ಲ, ಅದಕ್ಕ."

ಗುರುಶಾಂತಪ್ಪನ ಮುಖ ಮೆತ್ತಗಾಯಿತು. ಒಳಗೆ ಹೋಗಿ, ಫ್ರಿಜ್ಜಿನಲ್ಲಿ ಉಳಿದಿದ್ದ ಕೊನೆಯ ಪುಂಡಿ ಸೊಪ್ಪಿನ ಕಟ್ಟನ್ನು ತಂದು ಆಕೆಯ ಎರಡೂ ಕೈಗೆ ಇಟ್ಟರು. ಅವಳು ಒಂದು ಎಲೆ ಹರಿದು ಬಾಯಿಗಿಟ್ಟಳು. ಹುಳಿಗೆ ಮುಖ ಕಿವುಚಿದಳು, ಮರುಕ್ಷಣ ಕಣ್ಣು ಅರಳಿದವು.

"ಸೇಮ್! ಇನ್ ಮೈ ಸೂಪ್, ಸೇಮ್! ಐ ಶೋ ದೆಮ್ ನೌ."

ಕಟ್ಟನ್ನು ಎದೆಗವಚಿಕೊಂಡು ಅವಳು ಲಿಫ್ಟಿನತ್ತ ಹೆಚ್ಚುಕಡಿಮೆ ಓಡಿದಳು. ಪೊಲೀಸರು ಒಯ್ದ ಕುಂಡದ ಎಲೆ ಹುಳಿಯಿಲ್ಲವೆಂದು ಬಲ್ಲ ಪ್ರಭುದೇವ ಹೊಸ್ತಿಲು ದಾಟಲಿಲ್ಲ. ಲಿಫ್ಟಿನ ಬಾಗಿಲು ಮುಚ್ಚಿಕೊಂಡಿತು.

"ಲೇ, ಬ್ಯಾಳಿ ಹಾಕಿ ಕುದಸು ಅಂತ ಹೇಳಬೇಕಿತ್ತೋ ಆಕಿಗಿ," ಎಂದರು ಗುರುಶಾಂತಪ್ಪ. "ಹಂಗ ತಿಂದ್ರ ಭಾಳ ಹುಳಿ."