ಹನ್ನೊಂದು ಗಂಟೆಯ ಕಿತ್ತಳೆ

"ಬಾಯಿ ತೆಗೀರಿ ಅಂದ್ರೆ ಆ ಕಡೆ ಯಾಕೆ ತಿರುಗ್ತೀರಿ ರಟ್ಟಣ್ಣ? ನಾನಿರೋದು ಈ ಕಡೆ!"

ಹಲ್ಲಿನ ಡಾಕ್ಟರಮ್ಮ ಗದರಿದ ಮೇಲೆಯೇ ಅವನಿಗೆ ತಾನು ಎಡಕ್ಕೆ ಬಾಯಿ ತೆರೆದು ಕೂತಿರುವುದು ಗೊತ್ತಾದದ್ದು. ಪುಸ್ತಕಗಳಿಗೆ ರಟ್ಟು ಹಾಕುವ ಕಸುಬಿನವನಾದ್ದರಿಂದ ಊರಿಗೆಲ್ಲ ಅವನು ರಟ್ಟಣ್ಣ. ಈ ಡಾಕ್ಟರಮ್ಮ ಓದುವ ಕಾಲದಲ್ಲಿ ಬಿಡಿಬಿಡಿಯಾಗಿದ್ದ ಅವಳ ದಪ್ಪ ಪುಸ್ತಕವನ್ನು ಹೊಲಿದುಕೊಟ್ಟವನೂ ಅವನೇ. ಅದು ಈಗಲೂ ಕಪಾಟಿನಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತಿತ್ತು.

ಪುಟ್ಟ ಕನ್ನಡಿ ಒಸಡಿಗೆ ತಾಗಿದ್ದೇ ತಡ, ರಕ್ತ ಜಿನುಗಿತು.

"ಅಯ್ಯೋ, ನೇರಳೆ ಹಣ್ಣಿನ ಹಾಗೆ ಊದ್ಕೊಂಡಿದೆಯಲ್ಲ! ದಿನಾ ಏನು ತಿಂತೀರಿ?"

"ಟೀ, ಬನ್ನು. ಸಾಯಂಕಾಲ ಮನಸ್ಸಾದ್ರೆ ಒಂದಿಷ್ಟು ಅನ್ನ. ಇಲ್ಲಾಂದ್ರೆ ಇನ್ನೊಂದು ಬನ್ನು."

"ತರಕಾರಿ? ಹಣ್ಣು?"

"ಹಣ್ಣಾ..." ರಟ್ಟಣ್ಣ ತಲೆಯ ಮೇಲಿನ ದೀಪವನ್ನೇ ನೋಡಿದ. "ಮುಂಚೆ ಬೀಳ್ತಿತ್ತು ಬಾಯಿಗೆ. ಮೊನ್ನೆ ಸೋಮವಾರಕ್ಕೆ ನಾಲ್ಕು ತಿಂಗಳಾಯ್ತು, ನಿಂತು."

"ಕೊಳೆ ನಾನು ತೆಗೀತೀನಿ. ಆದ್ರೆ ಇದು ಬರೀ ಕೊಳೆಯಿಂದ ಆಗಿದ್ದಲ್ಲ. ವಿಟಮಿನ್ ಸಿ ಇಲ್ದೆ ಹೋದ್ರೆ ಒಸಡು ಹಲ್ಲನ್ನ ಬಿಗಿಯಾಗಿ ಹಿಡ್ಕೊಳ್ಳಲ್ಲ. ದಾರ ಸಡಿಲ ಆದ ಪುಸ್ತಕ ಇರುತ್ತಲ್ಲ, ಹಾಗೆ. ರಟ್ಟು ಎಷ್ಟು ಗಟ್ಟಿ ಇದ್ರೇನು, ಹಾಳೆ ಉದುರುತ್ತೆ. ಮಾತ್ರೆ ಬರ್ಕೊಡ್ತೀನಿ. ಜೊತೆಗೆ ದಿನಾ ಒಂದು ಕಿತ್ತಳೆ ತಿನ್ನಿ. ಒಂದೇ ದಿನ ಒಂದು ಬುಟ್ಟಿ ತಿಂದು ಸುಮ್ಮನಿರೋ ಹಾಗಿಲ್ಲ ಮತ್ತೆ! ಮೈ ಅದನ್ನ ಬಹಳ ದಿನ ಕೂಡಿಟ್ಕೊಳ್ಳಲ್ಲ."

ಹಣ್ಣು ಬಾಯಿಗೆ ಬೀಳುತ್ತಿದ್ದದ್ದು ಹೆಂಡತಿಯ ಕೈಯಿಂದ. ಪುಸ್ತಕಕ್ಕೆ ಹುಳ ಹಿಡಿಯಬಾರದೆಂದು ಅಂಟಿಗೆ ಮೈಲುತುತ್ತ ಬೆರೆಸುವುದು ಅವನ ಪದ್ಧತಿ. ಅದು ವಿಷ, ಅಂಟಿನ ಕೈ ಬಾಯಿಗೆ ಹೋಗುವಂತಿಲ್ಲ. ಹಾಗಾಗಿ ಮೂವತ್ತು ವರ್ಷ, ಬೆಳಗ್ಗೆ ಹನ್ನೊಂದಾಯಿತೆಂದರೆ ಅವಳು ಅವನ ಎಡಗಡೆಯ ಸ್ಟೂಲಿನ ಮೇಲೆ ಕೂತು, ಕಿತ್ತಳೆ ಸುಲಿದು, ನಾರು ಬಿಡಿಸಿ, ಬೀಜ ತೆಗೆದು, ಒಂದೊಂದೇ ತೊಳೆ ಬಾಯಿಗಿಡುತ್ತಿದ್ದಳು. ಅವನು ಹೊಲಿಗೆಯಿಂದ ಕಣ್ಣೆತ್ತದೆ ಎಡಕ್ಕೆ ಬಾಯಿ ತೆರೆಯುತ್ತಿದ್ದ. ಸೊಂಟ ಮುರಿದುಕೊಂಡ ತನ್ನ ಅಕ್ಕನನ್ನು ನೋಡಿಕೊಳ್ಳಲು ಹೊರಟ ದಿನ ಅವಳು ಬಾಗಿಲಲ್ಲಿ ನಿಂತು, "ಹೊಟ್ಟೆಗೇನ್ರೀ ಮಾಡ್ಕೊಳ್ತೀರಿ?" ಎಂದಳು. ಅವನು ಯಾವ ಗುಂಗಿನಲ್ಲಿದ್ದನೋ, "ನೀನಿಲ್ದಿದ್ರೆ ನನ್ನ ಬಾಯಿಗೆ ಏನೂ ಬೀಳಲ್ಲ ಅಂದ್ಕೊಂಡ್ಯಾ? ಹೋಗು ಹೋಗು" ಎಂದುಬಿಟ್ಟ. "ಸರಿ, ಬೇಕಾದಾಗ ಕರೀರಿ" ಎಂದು ಅವಳು ಬಸ್ಸು ಹತ್ತಿದಳು. ಅವನು ಕರೆಯಲಿಲ್ಲ. ಅವಳು ಬರಲಿಲ್ಲ.

ದವಾಖಾನೆಯಿಂದ ಬರುವಾಗ ಆರು ಕಿತ್ತಳೆ ತಂದು ಮೇಜಿನ ಮೇಲಿಟ್ಟ. ಕೆಲಸಕ್ಕೆ ಕೂರುವ ಮೊದಲೇ ಒಂದನ್ನು ತಿನ್ನಬಹುದಿತ್ತು. ತಿನ್ನಲಿಲ್ಲ. ಎಡಗಡೆಯ ಸ್ಟೂಲು ಖಾಲಿ ಕಾಣಬಾರದೆಂದು ಅದರ ಮೇಲೆ ಹರಿದ ಅಟ್ಲಾಸುಗಳನ್ನು ಪೇರಿಸಿಟ್ಟಿದ್ದ. ಒಂದು ನಿಘಂಟಿಗೆ ಅಂಟು ಬಳಿದು ಇನ್ನೊಂದಕ್ಕೆ ಹೊಲಿಗೆ ಹಾಕುತ್ತಿದ್ದಾಗ ಬಾಯಿ ತಾನಾಗಿಯೇ ಎಡಕ್ಕೆ ತೆರೆದುಕೊಂಡಿತು. ಗಡಿಯಾರ ನೋಡಿದ. ಹನ್ನೊಂದು. ಅಟ್ಲಾಸುಗಳ ಕಡೆ ಬಾಯಿ ಬಿಟ್ಟುಕೊಂಡು ಕೂತ ತನ್ನ ಅವತಾರಕ್ಕೆ ತಾನೇ ನಾಚಿ, ಒದ್ದೆ ಬಟ್ಟೆಯಲ್ಲಿ ಒಂದು ಬೆರಳು ಒರೆಸಿಕೊಂಡು ಫೋನು ಒತ್ತಿದ. ಸ್ಪೀಕರಿಗೆ ಹಾಕಿ ನಿಘಂಟಿಗೆ ಒರಗಿಸಿದ.

"ಏನ್ರೀ?" ಮೊದಲ ರಿಂಗಿಗೇ ಎತ್ತಿದ್ದಳು ಹೆಂಡತಿ.

"ಒಸಡಲ್ಲಿ ರಕ್ತ ಬರ್ತಿದೆ. ಕಿತ್ತಳೆ ತಿನ್ನಬೇಕಂತೆ."

"ತಿನ್ನಿ."

"ಕೈಯೆಲ್ಲ ಅಂಟು."

"ತೊಳ್ಕೊಳ್ಳಿ. ಸೋಪಿಲ್ವಾ?"

"ಇದೆ." ಮತ್ತೆ ಸೂಜಿ ಎತ್ತಿಕೊಂಡು ಕೇಳಿದ, "ನಿಮ್ಮಕ್ಕ ಹೇಗಿದ್ದಾರೆ?"

"ಓಡಾಡ್ತಾಳೆ. ಎರಡು ತಿಂಗಳಾಯ್ತು."

ಎರಡು ತಿಂಗಳು! ರಟ್ಟಣ್ಣನ ಕೈಯ ಸೂಜಿ ಹಾಗೇ ನಿಂತಿತು. ಅಷ್ಟರಲ್ಲಿ ಹಿಂದಿನಿಂದ ಅಕ್ಕನ ದನಿ ಕೇಳಿತು: "ಅವರೇನಾ? ಬಂದು ಕರ್ಕೊಂಡು ಹೋಗೋಕೆ ಹೇಳೇ! ದಿನಾ ಹನ್ನೊಂದಾದ್ರೆ ಸಾಕು, ಬೇಡ ಬೇಡ ಅಂದ್ರೂ ನನ್ನ ಬಾಯಿಗೆ ಕಿತ್ತಳೆ ತುರುಕ್ತಾಳೆ. ಹುಳಿ ತಿಂದೂ ತಿಂದೂ ನಾಲಿಗೆ ಸುಲಿದು ಹೋಗಿದೆ ನಂದು!"

"ನೀನು ಸುಮ್ನಿರಕ್ಕ," ಎಂದಳು ಹೆಂಡತಿ, ಸಣ್ಣ ದನಿಯಲ್ಲಿ.

"ಲೇ," ಎಂದ ರಟ್ಟಣ್ಣ. ಬಾಯೊಳಗೆ ರಕ್ತದ ಉಪ್ಪು. ನುಂಗಿಕೊಂಡ. "ನೀನಿಲ್ದೆ ನನ್ನ ಬಾಯಿಗೆ ಏನೂ ಬೀಳ್ತಿಲ್ಲ ಕಣೇ. ಬಾ."

ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು ಕೇಳಿತು.

"ಬಸ್ಸಿರೋದು ನಾಳೆ ಬೆಳಗ್ಗೆ," ಎಂದಳು ಕೊನೆಗೆ. "ಇವತ್ತಿನದನ್ನ ನೀವೇ ಸುಲ್ಕೊಂಡು ತಿನ್ನಿ. ಕೈ ಎರಡು ಸಲ ತೊಳೀರಿ." ಫೋನು ಇಟ್ಟಳು.

ಅವನು ಮೂರು ಸಲ ತೊಳೆದ. ಅಟ್ಲಾಸುಗಳನ್ನೆಲ್ಲ ನೆಲಕ್ಕಿಳಿಸಿ ಸ್ಟೂಲು ಒರೆಸಿದ. ಕಿತ್ತಳೆ ಸುಲಿದು ಒಂದು ತೊಳೆ ಬಾಯಿಗೆ ಹಾಕಿಕೊಂಡ. ನಾರು ಬಿಡಿಸಬೇಕೆಂಬುದು ಹೊಳೆಯಲೇ ಇಲ್ಲ. ಬೀಜ ಹಲ್ಲಿಗೆ ಸಿಕ್ಕಿತು, ಹುಳಿ ಒಸಡಿಗೆ ಚುರ್ರೆಂದಿತು. ಉಳಿದ ತೊಳೆಗಳನ್ನು ಖಾಲಿ ಸ್ಟೂಲಿನ ಮೇಲೆ ಒಂದು ಕಾಗದ ಹಾಸಿ ಇಟ್ಟು, ಎಡಕ್ಕೆ ಬಾಯಿ ತೆರೆದುಕೊಂಡೇ ಹೊಲಿಯತೊಡಗಿದ.